ಮೇಡಂ ನಡೆದೇ ಬಂದರು

ನೀರು ಸರಬರಾಜು ಕಚೇರಿಯ ಡ್ರೈವರ್ ಇಪ್ಪತ್ತೆರಡು ವರ್ಷಗಳಲ್ಲಿ ಏಳು ಮಂದಿ ಮುಖ್ಯ ಎಂಜಿನಿಯರುಗಳನ್ನು ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಮುಟ್ಟಿಸಿದ್ದ. ಅವರಲ್ಲಿ ಒಬ್ಬರು ಕಾರು ಹತ್ತಿದ ಕೂಡಲೇ ನಿದ್ದೆ ಹೋಗುತ್ತಿದ್ದರು, ಒಬ್ಬರು ದಾರಿಯುದ್ದಕ್ಕೂ ಫೋನಿನಲ್ಲಿ ಜಗಳವಾಡುತ್ತಿದ್ದರು, ಇನ್ನೊಬ್ಬರಿಗಂತೂ ಎದುರು ಬೀದಿಯ ಕ್ಷೌರದಂಗಡಿಗೆ ಹೋಗಲಿಕ್ಕೂ ಕಾರೇ ಆಗಬೇಕಿತ್ತು. ಆದರೆ ಕಾರು ಬೇಡ ಎಂದವರು ಯಾರೂ ಇರಲಿಲ್ಲ. ಹಾಗಾಗಿ ಎಂಟನೆಯವರು, ಹೊಸದಾಗಿ ವರ್ಗವಾಗಿ ಬಂದ ಮೇಡಂ, ಮೊದಲ ದಿನ ಬೆಳಿಗ್ಗೆ ಗೇಟು ತೆಗೆದು ಹೊರಗೆ ಬಂದು, ಅವನು ಹಿಡಿದು ನಿಂತಿದ್ದ ಕಾರಿನ ಬಾಗಿಲನ್ನು ಒಮ್ಮೆ ನೋಡಿ, "ನೀವು ಹೊರಡಿ, ನಾನು ನಡ್ಕೊಂಡು ಬರ್ತೀನಿ" ಎಂದಾಗ ಅವನಿಗೆ ತಲೆಬುಡ ತಿಳಿಯಲಿಲ್ಲ.

"ಮೇಡಂ, ಗಾಡಿ ತೊಳೆದಿದೀನಿ."

"ಗೊತ್ತಾಗುತ್ತೆ. ಫಳಫಳ ಅಂತಿದೆ."

"ಏಸೀನೂ ಹಾಕಿದೀನಿ."

"ಆರಿಸಿಬಿಡಿ" ಎಂದ ಮೇಡಂ ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟರು. ವಯಸ್ಸು ಐವತ್ತೆಂಟು. ತೆಳ್ಳಗಿನ ಮೈ, ಕಾಲಲ್ಲಿ ಬಟ್ಟೆಯ ಷೂ. ಬಸ್ಸು ತಪ್ಪಿಹೋಗುತ್ತದೆ ಎನ್ನುವವರಂತೆ ಬಿರುಸಾಗಿ ನಡೆಯುತ್ತಿದ್ದರು.

ಡ್ರೈವರ್ ಬಾಗಿಲು ಹಿಡಿದುಕೊಂಡೇ ಯೋಚಿಸಿದ. ನಿನ್ನೆ ಸ್ಟೇಷನ್ನಿನಿಂದ ಕರೆತರುವಾಗ ತಾನೇನಾದರೂ ಬಾಯಿ ತಪ್ಪಿ ಆಡಿದೆನೇ? ಸೀಟಿನ ಕವರು ವಾಸನೆ ಬರುತ್ತಿದೆಯೇ? ಬಗ್ಗಿ ಮೂಸಿಯೂ ನೋಡಿದ. ಏನೂ ಇರಲಿಲ್ಲ. ಅಧಿಕಾರಿಯನ್ನು ಬೀದಿಯಲ್ಲಿ ಬಿಟ್ಟು ಖಾಲಿ ಕಾರು ಓಡಿಸಿಕೊಂಡು ಹೋಗಲು ಮನಸ್ಸು ಬಾರದೆ, ಮೊದಲನೇ ಗೇರಿನಲ್ಲಿ ಅವರ ಹಿಂದೆಯೇ ಹೊರಟ. ಮೇಡಂ ನಿಂತರೆ ಕಾರೂ ನಿಂತಿತು, ಮೇಡಂ ತಿರುಗಿದರೆ ಕಾರೂ ತಿರುಗಿತು. ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರನ್ ಹೊಡೆದು ಕಿವಿ ಕಿತ್ತುಹೋಗುವಂತೆ ಮಾಡಿದವು. ತರಕಾರಿ ಮಾರುವವಳು ತಕ್ಕಡಿ ಕೆಳಗಿಟ್ಟು, "ಏನಪ್ಪಾ, ಬ್ರೇಕು ಹಿಡ್ಕೊಂಡುಬಿಟ್ಟಿದೆಯಾ?" ಎಂದು ಕೇಳಿದಳು.

ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಮೇಡಂ ದಾಟಿ ಹೋದರು, ಕಾರು ಉಳಿಯಿತು.

ಕಚೇರಿಯ ಗೇಟಿನಲ್ಲಿ ಕಾವಲುಗಾರ ಬೆಳಿಗ್ಗೆಯಿಂದ ಮೀಸೆ ತಿದ್ದಿಕೊಂಡು, ಟೋಪಿ ಸರಿ ಮಾಡಿಕೊಂಡು, ಹೊಸ ಅಧಿಕಾರಿಗೆ ಸೆಲ್ಯೂಟ್ ಹೊಡೆಯಲು ಕಾಯುತ್ತಿದ್ದ. ಅವನಿಗೆ ಗೊತ್ತಿದ್ದದ್ದು ಕಾರಿನ ನಂಬರು, ಮುಖವಲ್ಲ.

"ಅಮ್ಮಾ, ಅಮ್ಮಾ, ನಿಂತ್ಕೊಳ್ಳಿ. ದೂರು ಕೊಡೋರು ಹತ್ತೂವರೆ ಮೇಲೆ ಬರ್ಬೇಕು. ಈಗಲೇ ಬಂದ್ರೆ ಮೊದ್ಲು ಪುಸ್ತಕದಲ್ಲಿ ಬರೀರಿ."

ಮೇಡಂ ಬರೆದರು. 'ಬಂದ ಉದ್ದೇಶ' ಎನ್ನುವ ಕಡೆ 'ಕೆಲಸ' ಎಂದು ತುಂಬಿದರು.

"ಯಾರ ಹತ್ರ ಕೆಲಸ?"

"ಇಲ್ಲಿ ಎಲ್ಲರ ಹತ್ರಾನೂ ಸ್ವಲ್ಪ ಸ್ವಲ್ಪ ಇದೆ."

ಅಷ್ಟರಲ್ಲಿ ಕಾರು ಬಂತು. ಕಾವಲುಗಾರ ಮೇಡಂ ಅವರನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ನೆಲ ಅದುರುವಂತೆ ಕಾಲು ಬಡಿದು ಖಾಲಿ ಸೀಟಿಗೆ ಸೆಲ್ಯೂಟ್ ಹೊಡೆದ. ಡ್ರೈವರ್ ಒಳಗಿನಿಂದ ಹುಬ್ಬು ಹಾರಿಸಿದ, ಕಣ್ಣು ಹೊರಳಿಸಿದ, ಕೊನೆಗೆ ಮೇಡಂ ಕಡೆಗೆ ಬೆರಳು ಮಾಡಿಯೇ ತೋರಿಸಿದ. ಕಾವಲುಗಾರ ತಿರುಗಿ ನೋಡಿದ. ನೆಲ ಬಾಯಿ ಬಿಡಬಾರದೇ ಎನಿಸಿತು ಅವನಿಗೆ. ಮೇಡಂ ಮಾತ್ರ, "ಪುಸ್ತಕ ಚೆನ್ನಾಗಿ ಇಟ್ಟಿದೀರಿ" ಎಂದು ಹೇಳಿ ಮೆಟ್ಟಿಲು ಹತ್ತಿದರು. ಲಿಫ್ಟಿನ ಬಾಗಿಲು ತೆರೆದು ಹಿಡಿದಿದ್ದ ಜವಾನ ಹಾಗೆಯೇ ಹಿಡಿದುಕೊಂಡು ನಿಂತಿದ್ದ.

ಮಧ್ಯಾಹ್ನದ ಊಟದ ಹೊತ್ತಿಗೆ ಕಚೇರಿಯಲ್ಲಿ ನಾಲ್ಕು ಸುದ್ದಿ ಹುಟ್ಟಿದ್ದವು. ಮೇಡಂಗೆ ಸಕ್ಕರೆ ಕಾಯಿಲೆ. ಮೇಡಂಗೆ ಕಾರಿನಲ್ಲಿ ಕೂತರೆ ವಾಂತಿ. ಮೇಡಂ ಮೇಲೆ ತನಿಖೆ ಇದೆ, ಕಾರು ಕಿತ್ತುಕೊಂಡಿದ್ದಾರೆ. ನಾಲ್ಕನೆಯದು ಹೆಡ್ ಕ್ಲಾರ್ಕ್ ಹುಟ್ಟಿಸಿದ್ದು: ಡ್ರೈವರ್ ಬಾಯಿಗೆ ಬಂದ ಹಾಗೆ ಮಾತಾಡಿರಬೇಕು, ಅದಕ್ಕೇ ಮುಖ ಊದಿಸಿಕೊಂಡು ನಡೆದು ಬಂದಿದ್ದಾರೆ. ಟೈಪಿಸ್ಟ್ ಧೈರ್ಯ ಮಾಡಿ ನೇರವಾಗಿ ಮೇಡಂ ಬಳಿಯೇ ಕೇಳಿದಳು. "ನಂಗೆ ನಡೆಯೋದು ಇಷ್ಟ" ಎಂದರಂತೆ. ಆ ಉತ್ತರವನ್ನು ಯಾರೊಬ್ಬರೂ ನಂಬಲಿಲ್ಲ.

ಎಲ್ಲರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವರು ಉಪ ಎಂಜಿನಿಯರ್. ಅವರು ದಿನಾ ಬೆಳಿಗ್ಗೆ ಕಾರಿನಲ್ಲಿ ಪಾರ್ಕಿಗೆ ಹೋಗಿ, ದುಬಾರಿ ಷೂ ಹಾಕಿಕೊಂಡು ಐದು ಸುತ್ತು ನಡೆದು, ಕಾರಿನಲ್ಲೇ ಮನೆಗೆ ಬರುವವರು. ಎಷ್ಟು ಹೆಜ್ಜೆ ಆಯಿತೆಂದು ಕೈಗಡಿಯಾರ ನೋಡಿ ಎಲ್ಲರಿಗೂ ಹೇಳುವವರು.

"ಹಾಗಾದ್ರೆ ಸಾರ್, ಮೇಡಂ ಮಾಡ್ತಿರೋದೂ ಅದೇ ಅಲ್ವಾ?" ಎಂದು ಟೈಪಿಸ್ಟ್ ಕೇಳಿದಳು.

"ಹೇಗಮ್ಮಾ ಅದೇ ಆಗುತ್ತೆ? ವಾಕಿಂಗ್ ಬೇರೆ, ನಡ್ಕೊಂಡು ಬರೋದು ಬೇರೆ" ಎಂದು ಉಪ ಎಂಜಿನಿಯರ್ ಖಡಾಖಂಡಿತವಾಗಿ ಹೇಳಿದರು. ಸುತ್ತ ಇದ್ದವರೆಲ್ಲ ತಲೆದೂಗಿದರು.

ಸಂಜೆ ಮನೆಗೆ ಹೋಗುವಷ್ಟರಲ್ಲಿ ಡ್ರೈವರನ ಬಾಮೈದನಿಗೂ ಸುದ್ದಿ ಮುಟ್ಟಿತ್ತು. "ಭಾವ, ಕೆಲಸಕ್ಕೇನೂ ತೊಂದ್ರೆ ಇಲ್ಲ ತಾನೇ?" ಎಂದು ಫೋನು ಬಂತು. ಡ್ರೈವರ್ ಫೋನು ಕೆಳಗಿಟ್ಟು, ಊಟದ ತಟ್ಟೆಯ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತ.

ಅವನ ಹೆಂಡತಿ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸಕ್ಕಿದ್ದಳು. ವಾರ್ಡುಗಳಿಗೆ ಹಾಸಿಗೆ ಬಟ್ಟೆ ಎಣಿಸಿ ಕಳಿಸುವುದು, ಬಂದದ್ದನ್ನು ಬೇರೆ ಮಾಡಿ ತೊಳೆಯಲು ಹಾಕುವುದು. ದಿನವಿಡೀ ನಿಂತೇ ಇರುವ ಕೆಲಸ.

"ಅಷ್ಟು ದೊಡ್ಡ ಅಧಿಕಾರಿ ಕಣೇ. ಬೀದೀಲಿ ನಡ್ಕೊಂಡು! ನೋಡಿದವರು ಏನಂದ್ಕೋಬೇಕು? ಕಾಯಿಲೇನೇ ಇರ್ಬೇಕು."

ಹೆಂಡತಿ ಕೈ ತೊಳೆಯುವವಳು ನಿಂತು ಅವನನ್ನೇ ನೋಡಿದಳು. "ರೀ, ನಾನು ಹದಿನೆಂಟು ವರ್ಷದಿಂದ ನಡ್ಕೊಂಡೇ ಕೆಲಸಕ್ಕೆ ಹೋಗ್ತಿದೀನಿ. ಕಾಯಿಲೇನಾ ಅಂತ ನೀವೂ ಕೇಳಿಲ್ಲ, ಬೇರೆ ಯಾರೂ ಕೇಳಿಲ್ಲ" ಎಂದು ಹೇಳಿ ನಗುತ್ತಾ ಒಳಗೆ ಹೋದಳು. ಡ್ರೈವರಿಗೆ ಅದು ಬೇರೆಯ ವಿಷಯ ಎನಿಸಿತು. ಹೇಗೆ ಬೇರೆ ಎಂದು ಹೇಳಲು ಮಾತ್ರ ಬರಲಿಲ್ಲ.

ಮೂರು ದಿನ ಹೀಗೆಯೇ ನಡೆಯಿತು: ಮುಂದೆ ಮೇಡಂ, ಹಿಂದೆ ಆಮೆಯಂತೆ ಕಾರು. ನಾಲ್ಕನೆಯ ದಿನ ಸಂಚಾರಿ ಪೊಲೀಸಿನ ಹೆಣ್ಣುಮಗಳೊಬ್ಬಳು ಸೀಟಿ ಊದುತ್ತಾ ಓಡಿಬಂದು ಕಾರಿಗೆ ಅಡ್ಡ ನಿಂತಳು. ಡ್ರೈವರನ್ನು ಇಳಿಸಿ, ಮೇಡಂ ಕಡೆಗೆ ತಿರುಗಿ, "ಅಮ್ಮಾ, ಹೆದರ್ಕೋಬೇಡಿ. ಈತ ಮೂರು ದಿನದಿಂದ ನಿಮ್ಮ ಹಿಂದೇನೇ ಬರ್ತಿದಾನೆ, ನಾನು ನೋಡ್ತಾನೇ ಇದೀನಿ" ಎಂದಳು.

ಜನ ಸೇರಿದರು. ಡ್ರೈವರನ ಮಾನ ನಡುಬೀದಿಯಲ್ಲಿ ಹರಾಜಿಗೆ ಬಿತ್ತು. ಮೇಡಂಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, "ಇಲ್ಲಮ್ಮಾ, ಇವರು ನಮ್ಮವರೇ, ಆಫೀಸಿನ ಡ್ರೈವರು. ಆದ್ರೂ ನೀನು ಗಮನಿಸಿದ್ದು ತುಂಬಾ ಒಳ್ಳೇದಾಯ್ತು" ಎಂದರು. ಆಮೇಲೆ ಡ್ರೈವರಿಗೆ ಹೇಳಿದರು: "ನೋಡಿ, ಒಂದೋ ನೀವು ಗಾಡಿ ತಗೊಂಡು ಸೀದಾ ಆಫೀಸಿಗೆ ಹೋಗಿ. ಇಲ್ಲಾ, ಗಾಡಿ ಆಫೀಸಲ್ಲೇ ಬಿಟ್ಟು ನನ್ನ ಜೊತೆ ನಡೀರಿ. ಈ ಮೆರವಣಿಗೆ ಮಾತ್ರ ಬೇಡ."

ಮರುದಿನ ಡ್ರೈವರ್ ನಡೆದ. ಕಾರನ್ನು ಹಿಂದಿನ ಸಂಜೆಯೇ ಕಚೇರಿಯ ಷೆಡ್ಡಿನಲ್ಲಿ ಬಿಟ್ಟಿದ್ದ.

ಅಲ್ಲಿಯವರೆಗೆ ಅವನ ಕಪ್ಪು ಷೂಗಳು ಪೆಡಲು ತುಳಿದಿದ್ದವೇ ಹೊರತು ರಸ್ತೆ ತುಳಿದದ್ದು ಕಡಿಮೆ. ಹೊಟ್ಟೆ ಸ್ಟೀರಿಂಗಿಗೆ ತಾಗುವಷ್ಟು ಬೆಳೆದಿತ್ತು. ಮೊದಲ ತಿರುವಿಗೇ ಏದುಸಿರು ಬಂತು. ಚಪ್ಪಲಿ ಹೊಲಿಯುವವನ ಪೆಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಕೂತು, "ಷೂ ಒಳಗೆ ಕಲ್ಲು ಸೇರ್ಕೊಂಡಿದೆ ಮೇಡಂ" ಎಂದ.

"ತೆಗೀರಿ, ನಿಧಾನಕ್ಕೆ. ಆತುರ ಏನಿಲ್ಲ."

ಅವನು ಷೂ ಬಿಚ್ಚಿ ಇಲ್ಲದ ಕಲ್ಲನ್ನು ಕೊಡವಿದ. ಮೇಡಂ ಆ ಕಡೆ ಮುಖ ಮಾಡಿ ನಿಂತು ಕಾದರು. ಮೂರು ಸಲ ಹಾಗೆ ಕಲ್ಲು ಸೇರಿತು.

ಇನ್ನೊಂದು ತೊಡಕು, ಎಲ್ಲಿ ನಡೆಯುವುದು ಎನ್ನುವುದು. ಡ್ರೈವರ್ ಮರ್ಯಾದೆಗೆಂದು ಮೂರು ಹೆಜ್ಜೆ ಹಿಂದಿದ್ದ. "ಪಕ್ಕದಲ್ಲಿ ಬನ್ನಿ, ತಿರುಗಿ ತಿರುಗಿ ಮಾತಾಡಿ ಕತ್ತು ನೋಯುತ್ತೆ" ಎಂದರು ಮೇಡಂ. ಅಧಿಕಾರಿಯ ಪಕ್ಕ ಸರಿಸಮಕ್ಕೆ ನಡೆಯಲು ಅವನ ಕಾಲೇ ಬರಲಿಲ್ಲ. ಕೊನೆಗೆ ಅರ್ಧ ಹೆಜ್ಜೆ ಹಿಂದೆ ಎಂದು ಇಬ್ಬರಿಗೂ ಒಪ್ಪಿಗೆಯಾಯಿತು.

ವಾರ ಕಳೆಯುವಷ್ಟರಲ್ಲಿ ಕಲ್ಲು ಸೇರುವುದು ನಿಂತಿತು. ಮಾತು ಶುರುವಾಯಿತು. "ಮೊದಲನೇ ಕೆಲಸಕ್ಕೆ ಸೇರಿದಾಗಲೇ ನಡ್ಕೊಂಡು ಹೋಗ್ತಿದ್ದೆ" ಎಂದರು ಮೇಡಂ ಒಂದು ದಿನ. "ನನ್ನ ಮೇಲಿನವರು ಕರೆದು, ಇದು ನಿಮ್ಮ ಹುದ್ದೆಗೆ ಒಪ್ಪಲ್ಲ ಅಂದ್ರು. ಸರಿ ಅಂತ ಮೂವತ್ತು ವರ್ಷ ಕಾರಲ್ಲಿ ಕೂತೆ. ಇನ್ನು ನಿವೃತ್ತಿಗೆ ಎರಡೇ ವರ್ಷ. ಈಗ ನನ್ನ ಮೇಲಿನವರು ಅಂತ ಈ ಊರಲ್ಲಿ ಯಾರೂ ಇಲ್ಲ ನೋಡಿ!" ಹೇಳಿ, ಪರೀಕ್ಷೆ ಮುಗಿಸಿದ ಹುಡುಗಿಯ ಹಾಗೆ ನಕ್ಕರು.

ತರಕಾರಿಯವಳು ಈಗ ಇಬ್ಬರನ್ನೂ ನೋಡಿ ಕೈ ಎತ್ತುತ್ತಿದ್ದಳು. ನಾಲ್ಕನೇ ವಾರ ಡ್ರೈವರ್ ಬೆಲ್ಟಿಗೆ ಹೊಸದೊಂದು ತೂತು ಕೊರೆಸಿದ.

ಆ ತಿಂಗಳ ಕೊನೆಗೆ ಗುಡ್ಡದ ಮೇಲಿನ ದೊಡ್ಡ ನೀರಿನ ಟ್ಯಾಂಕಿನ ತಪಾಸಣೆ ಬಂತು. ಇಷ್ಟು ವರ್ಷ ಆ ತಪಾಸಣೆ ನಡೆಯುತ್ತಿದ್ದದ್ದು ಹೀಗೆ: ಕಾರು ಟ್ಯಾಂಕಿನ ಬುಡದಲ್ಲಿ ನಿಲ್ಲುತ್ತಿತ್ತು, ಅಧಿಕಾರಿ ಗಾಜು ಇಳಿಸಿ ಕತ್ತೆತ್ತಿ ನೋಡುತ್ತಿದ್ದರು, ಸಹಿ ಹಾಕುತ್ತಿದ್ದರು. ಗುಡ್ಡ ದೂರವೆಂದು ಅವತ್ತು ಕಾರಿನಲ್ಲೇ ಬಂದಿದ್ದ ಮೇಡಂ ಇಳಿದು, ಟ್ಯಾಂಕಿನ ಕಂಬವನ್ನು ಸುತ್ತಿಕೊಂಡು ಏರುವ ಮೆಟ್ಟಿಲಿನ ಬುಡಕ್ಕೆ ಹೋಗಿ, "ಎಷ್ಟಿವೆ?" ಎಂದು ಕೇಳಿದರು.

"ನೂರಾ ನಲವತ್ತೆರಡು" ಎಂದ ಪಂಪ್ ಹೌಸಿನವನು.

"ಸಾರ್, ಬನ್ನಿ. ನಿಮಗೆ ಅಭ್ಯಾಸ ಇದೆಯಲ್ಲ" ಎಂದು ಮೇಡಂ ಜೊತೆಗೆ ಬಂದಿದ್ದ ಉಪ ಎಂಜಿನಿಯರನ್ನು ಕರೆದರು.

ಉಪ ಎಂಜಿನಿಯರ್ ನಲವತ್ತನೇ ಮೆಟ್ಟಿಲಿನವರೆಗೆ ಬಂದರು. ಅಲ್ಲಿ ಅವರಿಗೆ ತುರ್ತಾಗಿ ಒಂದು ಫೋನು ಮಾಡಬೇಕಾಗಿ ಬಂತು. ಕೈಗಂಬಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡು, "ನೀವು ಹೋಗ್ತಿರಿ ಮೇಡಂ, ಇಲ್ಲೇ ಸಿಗ್ನಲ್ ಚೆನ್ನಾಗಿದೆ" ಎಂದರು. ಡ್ರೈವರ್ ಅವರನ್ನು ದಾಟಿ ಮೇಲೆ ಹೋದ. ತೊಡೆ ಉರಿಯಿತು, ಬೆನ್ನಿನ ಮೇಲೆ ಬೆವರು ಹರಿಯಿತು, ಆದರೂ ನಿಲ್ಲಲಿಲ್ಲ. ನೂರಾ ನಲವತ್ತೆರಡನೆಯ ಮೆಟ್ಟಿಲು ಮುಗಿದು ಮೇಲಿನ ಅಟ್ಟಕ್ಕೆ ಕಾಲಿಟ್ಟಾಗ ಬೀಸಿದ ಗಾಳಿಗೆ ಅವನ ಅಂಗಿ ಹಾಯಿಯಂತೆ ಉಬ್ಬಿತು. ತಾನು ಜೋರಾಗಿ ನಗುತ್ತಿದ್ದೇನೆಂದು ಅವನಿಗೆ ಮೇಡಂ ತಿರುಗಿ ನೋಡಿದಾಗಲೇ ಗೊತ್ತಾದದ್ದು.

ಮೇಡಂ ಮುಚ್ಚಳ ತೆಗೆಸಿ ನೀರು ನೋಡಿದರು, ತುಕ್ಕು ಹಿಡಿದ ಬೋಲ್ಟುಗಳನ್ನು ಬರೆದುಕೊಂಡರು. ಅಷ್ಟು ಹೊತ್ತೂ ಡ್ರೈವರ್ ಊರನ್ನು ನೋಡುತ್ತಿದ್ದ. ಸ್ಟೀರಿಂಗ್ ಹಿಡಿದು ನೋಡಿದ ಊರು ಬರೀ ತಿರುವು, ಉಬ್ಬು, ಸಿಗ್ನಲ್ಲು. ಇಲ್ಲಿಂದ ಇಡೀ ಊರು ಅಂಗೈ ಮೇಲಿಟ್ಟಂತೆ ಕಾಣುತ್ತಿತ್ತು. ಒಂದು ತುದಿಯಲ್ಲಿ ತನ್ನ ಬೀದಿ, ಮನೆಯ ಮೇಲಿನ ನೀಲಿ ಡ್ರಮ್ಮು. ಅಲ್ಲಿಂದ ಬೆರಳಿಡುತ್ತಾ ಬಂದ: ಮರದ ಮಿಲ್ಲು, ರೈಲು ಹಳಿ, ಉದ್ದ ಸೇತುವೆ, ಆಚೆಗೆ ಏರು. ಏರಿನ ತುದಿಯಲ್ಲಿ ಆಸ್ಪತ್ರೆಯ ಬಿಳಿ ಕಟ್ಟಡ. ಬೆರಳು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅವನ ನಗು ಇಳಿದಿತ್ತು.

"ಏನು ಹುಡುಕ್ತಿದೀರಿ?" ಮೇಡಂ ಕೇಳಿದರು.

"ಏನಿಲ್ಲ ಮೇಡಂ... ನಮ್ಮನೆಯವಳು ಅಲ್ಲಿಂದ ಅಲ್ಲೀವರೆಗೆ ನಡ್ಕೊಂಡು ಹೋಗ್ತಾಳೆ. ಎರಡು ಹೊತ್ತೂ. ಹದಿನೆಂಟು ವರ್ಷದಿಂದ. ನಾವು ನಡೆಯೋದರ ಎರಡರಷ್ಟು ಇದೆ ದೂರ." ಚಾಚಿದ್ದ ಬೆರಳನ್ನು ಇಳಿಸಿ ಹೇಳಿದ, "ನಾನು ಯಾವತ್ತೂ ಆ ದಾರೀಲಿ ಅವಳ ಜೊತೆ ಹೋಗಿಲ್ಲ."

ಮೇಡಂ ಆ ದಾರಿಯನ್ನೇ ನೋಡುತ್ತಾ ನಿಂತರು. "ಅವರ ಕೆಲಸ ಎಷ್ಟು ಗಂಟೆಗೆ?"

"ಏಳಕ್ಕೆ."

"ನಾನು ಹೊರಡೋದು ಒಂಬತ್ತೂವರೆಗೆ" ಎಂದರು ಮೇಡಂ. ಅಷ್ಟೇ ಹೇಳಿ ಇಳಿಯತೊಡಗಿದರು.

ಮರುದಿನ ಬೆಳಿಗ್ಗೆ ಆರಕ್ಕೆ ಹೆಂಡತಿ ಊಟದ ಡಬ್ಬಿ ಹಿಡಿದು ಹೊರಟಾಗ, ಅವನೂ ಷೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಎಲ್ಲಿಗೆ?"

"ನಿನ್ನ ಜೊತೆ. ಆಸ್ಪತ್ರೆ ತನಕ."

"ಅಯ್ಯೋ, ಬೇಡಪ್ಪ! ಈ ವಯಸ್ಸಲ್ಲಿ ಗಂಡ ಹೆಂಡತಿ ಬೀದೀಲಿ ಜೊತೆಜೊತೆಗೆ! ನೋಡಿದವರು ಏನಂದ್ಕೊಳ್ಳಲ್ಲ?" ಎಂದು ಅವಳು ಅಕ್ಕಪಕ್ಕದ ಬಾಗಿಲುಗಳನ್ನು ನೋಡಿದಳು. "ಬರೋದಾದ್ರೆ ಸ್ವಲ್ಪ ದೂರದಲ್ಲಿ ಬನ್ನಿ."

"ಅರ್ಧ ಹೆಜ್ಜೆ ಹಿಂದೆ ಬರ್ತೀನಿ, ಸರಿನಾ? ಅದು ನಂಗೆ ಅಭ್ಯಾಸ ಆಗಿದೆ."

ಅವಳು ನಗು ನುಂಗಿಕೊಂಡು ನಡೆದಳು. ಆ ನಡಿಗೆಯ ಮುಂದೆ ಮೇಡಂ ಅವರ ಬಿರುಸು ಏನೇನೂ ಅಲ್ಲ ಎಂದು ಅವನಿಗೆ ಎರಡೇ ನಿಮಿಷದಲ್ಲಿ ತಿಳಿಯಿತು. ಮರದ ಮಿಲ್ಲಿನ ಹತ್ತಿರ ಒಬ್ಬಳು ಸೇರಿಕೊಂಡಳು, ಆಸ್ಪತ್ರೆಯ ಅಡಿಗೆಮನೆಯವಳು. ಹಳಿಯ ಬಳಿ ಇನ್ನಿಬ್ಬರು ಆಯಾಗಳು. ಸೇತುವೆಗೆ ಬರುವಷ್ಟರಲ್ಲಿ ಏಳು ಹೆಂಗಸರ ಗುಂಪಾಗಿತ್ತು, ಮಾತು ನಗು ಕಾಲುಗಳಿಗಿಂತ ಜೋರಾಗಿ ಓಡುತ್ತಿತ್ತು. ಹೆಡ್ ನರ್ಸು ಸೀನುವ ರೀತಿಯನ್ನು ಒಬ್ಬಳು ಮಾಡಿ ತೋರಿಸಿದಳು. ಹೊಸ ಡಾಕ್ಟರರು ತಮ್ಮ ಕನ್ನಡಕವನ್ನೇ ಹಾಸಿಗೆ ಬಟ್ಟೆಯ ಜೊತೆ ತೊಳೆಯಲು ಕಳಿಸಿದ ಕಥೆಯನ್ನು ಅವನ ಹೆಂಡತಿಯೇ ಹೇಳಿದಳು. ಮನೆಯಲ್ಲಿ ಎಂದೂ ಅವಳು ಅಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

"ಯಾರೇ ಇದು, ಹಿಂದೆ ಬುಸುಬುಸು ಅಂತ ಬರ್ತಿರೋದು?" ಅಡಿಗೆಮನೆಯವಳು ತಿರುಗಿ ಕೇಳಿದಳು.

"ನಮ್ಮನೆಯವರು" ಎಂದಳು ಹೆಂಡತಿ. ಅವಳ ಮುಖ ಕೆಂಪಾಯಿತು.

"ಹೌದಾ! ಬನ್ನಿ ಅಣ್ಣಾ, ಮುಂದೆ ಬನ್ನಿ. ಏನ್ರೇ, ಸ್ವಲ್ಪ ನಿಧಾನ ನಡೀರೇ, ಅಣ್ಣ ಹೊಸಬರು."

ಏಳೂ ಹೆಂಗಸರು ಅವನಿಗಾಗಿ ಹೆಜ್ಜೆ ತಗ್ಗಿಸಿದರು. ಡ್ರೈವರ್ ಏದುಸಿರು ಬಿಡುತ್ತಲೇ ಗುಂಪಿನ ನಡುವೆ ಬಂದು ಸೇರಿಕೊಂಡು, "ಆ ಡಾಕ್ಟರ ಕನ್ನಡಕ ಕೊನೆಗೆ ಸಿಕ್ತಾ?" ಎಂದು ಕೇಳಿದ.

"ಸಿಕ್ತು ರೀ" ಎಂದಳು ಹೆಂಡತಿ. "ತೊಳೆದು ಎಷ್ಟು ಬೆಳ್ಳಗಾಗಿತ್ತು ಅಂತೀರಿ!"