ತವರಿನ ಹೆಸರಿನ ಅರ್ಜಿ

ಮಂಗಳವಾರ ಬಂತೆಂದರೆ ನಮ್ಮ ಗಡಿಯ ಊರುಗಳಲ್ಲಿ ಒಂದೇ ದೂರು: "ನರ್ಸಬಾಯಿ ಬಂದಾಳ, ಆದ್ರ ಆಕಿಗಿ ನಮ್ ಮಾತು ತಿಳಿಯಂಗಿಲ್ಲ."

ಮಹಾರಾಷ್ಟ್ರದ ಔರಾದ ಶಹಾಜನಿಗೆ ಹತ್ತಿರದ ಈ ಹಳ್ಳಿಯಲ್ಲೂ ಹಾಗೇ ಇತ್ತು. ಆರೋಗ್ಯ ಉಪಕೇಂದ್ರದ ಸಿಸ್ಟರ್ ಉಜ್ವಲಾ ಲಾತೂರಿನ ಕಡೆಯವಳು, ಮರಾಠಿ ಮಾತಿನವಳು. ಮುದುಕಿಯರು ಕನ್ನಡದಲ್ಲಿ ನೋವು ಹೇಳಿಕೊಂಡರೆ ಅವಳು ಮುಖ ನೋಡುತ್ತ ಕೂರಬೇಕಾಗುತ್ತಿತ್ತು. ಆಗ ಕಸ್ತೂರಬಾಯಿಯ ಸೊಸೆ ಮೀನಲಳನ್ನು ಕರೆತರುತ್ತಿದ್ದರು. ಅವಳು ಭಾಲ್ಕಿ ಕಡೆಯಿಂದ ಮದುವೆಯಾಗಿ ಬಂದವಳು. ನಾಲ್ಕು ವರ್ಷದಲ್ಲಿ ಮರಾಠಿಯನ್ನೂ ಕಲಿತಿದ್ದಳು. ಎಲ್ಲರ ಮಾತನ್ನೂ ಆ ಕಡೆಯಿಂದ ಈ ಕಡೆಗೆ ದಾಟಿಸುತ್ತಿದ್ದಳು. ಅವಳ ಮಾತು ಕೇಳುವವರು ಮಾತ್ರ ಯಾರೂ ಇರಲಿಲ್ಲ. ಗಂಡ ನೀಲಕಂಠ ಬೆಳಿಗ್ಗೆ ಹಾಲು ತೆಗೆದುಕೊಂಡು ಔರಾದಕ್ಕೆ ಹೋದರೆ ಸಂಜೆಗೇ ಬರುವವನು. ಬಂದರೂ ನಾಲ್ಕು ಮಾತಿಗಿಂತ ಹೆಚ್ಚಿಲ್ಲ.

ಮೀನಲ ಎಂಬುದು ಈ ಮನೆಯ ಹೆಸರು. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ನೀಲಕಂಠ ಬೆರಳಿನಿಂದ ಬರೆದ ಹೆಸರು. ತವರಿನಲ್ಲಿ ಅವಳು ದಾನೇಶ್ವರಿ. ತಾಯಿ ಫೋನಿನಲ್ಲಿ 'ದಾನಾ' ಎನ್ನುತ್ತಿದ್ದಳು. ಹೋದ ಶ್ರಾವಣದಲ್ಲಿ ತಾಯಿ ತೀರಿಕೊಂಡಳು. ಅಂದಿನಿಂದ ಆ ಹೆಸರು ಹಿಡಿದು ಕರೆಯುವವರೇ ಇಲ್ಲ.

ಒಂದು ಮಂಗಳವಾರ ಕಸ್ತೂರಬಾಯಿಯ ಬಿಪಿ ನೋಡುತ್ತ ಉಜ್ವಲಾ ಕೇಳಿದಳು. ಇಷ್ಟು ದಿನದಲ್ಲಿ ಅವಳಿಗೂ ತುಸು ಕನ್ನಡ ಬಂದಿತ್ತು.

"ಮೀನಲ, ನೀ ಎಷ್ಟು ಕಲ್ತೀದಿ?"

"ಪಿಯುಸಿ ರೀ, ಸಿಸ್ಟರ್. ಆರ್ಟ್ಸ್."

"ಮತ್ತ ಯಾಕ ಸುಮ್ನ ಕುಂತಿ? ಏಎನ್‌ಎಂ ಕಲಿ, ನನ್ನಂಗ ನರ್ಸ್ ಆಗ್ತಿ. ಎರಡು ವರ್ಷ. ಆರ್ಟ್ಸ್ ಆದ್ರೂ ನಡೀತದ. ಲಗ್ನ ಆದವರೂ ಬರ್ತಾರ. ಉದಗೀರದಾಗ ಕಾಲೇಜ್ ಅದ, ಹಾಸ್ಟೆಲ್ ಅದ."

ಕಸ್ತೂರಬಾಯಿ ತೋಳಿನ ಪಟ್ಟಿ ಬಿಚ್ಚುವ ಮೊದಲೇ ಅಂದಳು, "ನನ್ನ ಸೊಸಿ ಹೋಗಿ ಮಂದಿ ಹೊಲಸು ತೊಳಿಬೇಕೇನು? ಮನ್ಯಾಗ ರೊಟ್ಟಿ ಯಾರು ಬಡೀತಾರ?"

"ಮಾವಶಿ, ಸಿಟ್ಟಾಗಬ್ಯಾಡ್ರಿ, ಬಿಪಿ ಏರ್ತದ. ರೊಟ್ಟಿ ನೀಲಕಂಠ ಬಡೀಲಿ."

"ಅಂವಾ ಬಡದ ರೊಟ್ಟಿ ನಮ್ಮ ದೇವಣಿ ಎತ್ತೂ ಮೂಸಂಗಿಲ್ಲ."

ಎಲ್ಲರೂ ನಕ್ಕರು. ಮೀನಲ ನಗಲಿಲ್ಲ. ಸಂಜೆ ಗಂಡನಿಗೆ ಹೇಳಿದಳು. "ಹೋಗಬೇಕಂದ್ರ ಹೋಗು" ಎಂದ ಅವನು, ತಾಟಿನಿಂದ ಮುಖ ಎತ್ತದೆ. ಅದು ಒಪ್ಪಿಗೆಯೋ, ಬೇಸರವೋ ಅವಳಿಗೆ ತಿಳಿಯಲಿಲ್ಲ. ಆದರೂ ಔರಾದದ ಕಂಪ್ಯೂಟರ್ ಅಂಗಡಿಗೆ ಹೋಗಿ ಅರ್ಜಿ ತುಂಬಿದಳು. ಹೆಸರು ಕೇಳಿದರು. ಆಧಾರ ಕಾರ್ಡಿನಲ್ಲಿದ್ದಂತೆ "ಮೀನಲ" ಎಂದಳು. ತಪ್ಪಾಗಿದ್ದು ಅಲ್ಲೇ.

ಉದಗೀರದ ಕಾಲೇಜಿನಲ್ಲಿ ಕಾರಕೂನರು ಅರ್ಜಿಯನ್ನೂ ಮಾರ್ಕ್ಸ್ ಕಾರ್ಡನ್ನೂ ಜೋಡಿಸಿ ಇಟ್ಟರು.

"ಈ ಮೀನಲ ಯಾರು, ಈ ದಾನೇಶ್ವರಿ ಯಾರು?"

"ಇಬ್ಬರೂ ನಾನೇ ರೀ."

"ನೀವಂತೀರಿ ಅಕ್ಕಾ. ಕಾಗದ ಅನ್ನಬೇಕಲ್ಲ."

ಕೆಟ್ಟ ಮನುಷ್ಯರೇನಲ್ಲ. ಎಂಟು ದಿನ ಅವಕಾಶ ಕೊಟ್ಟರು. ಮಾರ್ಕ್ಸ್ ಕಾರ್ಡಿನ ಹೆಸರಿನಲ್ಲೇ ಅರ್ಜಿ ತಿದ್ದಿಸಬೇಕು, ಮದುವೆ ನೋಂದಣಿಯ ಪತ್ರ ತರಬೇಕು, ಎರಡೂ ಹೆಸರು ಒಬ್ಬಳದೇ ಎಂಬ ಅಫಿಡವಿಟ್ ತರಬೇಕು. ಮದುವೆಯ ನೋಂದಣಿಯೇ ಆಗಿರಲಿಲ್ಲ. ಮರಳುವ ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ಮಾಡಿ ತನ್ನ ಹೆಸರನ್ನು ತಾನೇ ಮೆಲ್ಲಗೆ ಹೇಳಿ ನೋಡಿದಳು. ಬೇರೆ ಯಾರದೋ ಹೆಸರಿನಂತೆ ಕೇಳಿಸಿತು.

"ಆತಲ್ಲ, ದೇವರೇ ಬ್ಯಾಡ ಅಂದ" ಎಂದಳು ಕಸ್ತೂರಬಾಯಿ.

"ದೇವರಲ್ಲ ಮಾವಶಿ, ಕಾಗದ" ಎಂದಳು ಸುದ್ದಿ ಕೇಳಿ ಮನೆಗೆ ಬಂದಿದ್ದ ಉಜ್ವಲಾ. "ಪಂಚಾಯತಿ ಗ್ರಾಮಸೇವಕರು ಲಗ್ನ ನೋಂದಣಿ ಮಾಡ್ತಾರ. ಆದ್ರ ಹಳೇ ಹೆಸರಿನ ಲಗ್ನಪತ್ರಿಕಿ ಬೇಕು. ಮನಿಯವರ ಸಾಕ್ಷಿ ಬೇಕು."

ಕಸ್ತೂರಬಾಯಿ ಎದ್ದು ಒಳಗೆ ಹೋದಳು. ಮುಗಿಯಿತು ಅಂದುಕೊಂಡಳು ಮೀನಲ. ಒಳಗೆ ಟ್ರಂಕಿನ ಸದ್ದಾಯಿತು. ಹೊರಗೆ ಬಂದಾಗ ಅತ್ತೆಯ ಕೈಯಲ್ಲಿ ಅಂಚಿಗೆ ಅರಿಶಿಣ ಹಚ್ಚಿದ ಲಗ್ನಪತ್ರಿಕೆ ಇತ್ತು.

"ಇದನ್ನ ಇಟ್ಟೀರೇನ್ರಿ ಅತ್ತಿ?"

"ನಂದೂ ಇಟ್ಟಿದ್ದೆ. ಇಲಿ ಕಡೀತು." ಆಕೆ ಹೊಸ್ತಿಲ ಮೇಲೆ ಕುಳಿತಳು. "ತವರಾಗ ನಾ ಗುರುಬಾಯಿ. ಕಸ್ತೂರಬಾಯಿ ಅಂತ ಇಟ್ಟಾಕಿ ನಮ್ಮತ್ತಿ. ನಲವತ್ತೆರಡು ವರ್ಷ ಆತು. ಈಗ ಯಾರರೆ ಗುರುಬಾಯಿ ಅಂದ್ರ ನಾ ಓ ಅಂತೀನೋ ಇಲ್ಲೋ."

ಪತ್ರಿಕೆಯನ್ನು ಸೊಸೆಯ ಕೈಗಿಟ್ಟು ಅಂದಳು, "ಮೀನಲ ಅಂತ ಆರಿಸಿದಾಕಿ ನಾನೇ. ಚಂದ ಅದ ಅಂತ ಇಟ್ಟೆ. ನಿನ್ನ ಒಂದು ಮಾತು ಕೇಳಲಿಲ್ಲ."

ಮರುದಿನ ಆಕೆ ಹಬ್ಬದ ಸೀರೆ ಉಟ್ಟು ಪಂಚಾಯತಿಗೆ ನಡೆದಳು. ಗ್ರಾಮಸೇವಕರ ಎದುರು ನಿಂತು, "ಈಕಿ ದಾನೇಶ್ವರಿನೇ. ನಾ ಸಾಕ್ಷಿ" ಎಂದು ಹೆಬ್ಬೆಟ್ಟು ಒತ್ತಿದಳು. ನೀಲಕಂಠನೂ ಸಹಿ ಹಾಕಿದ. ಆರನೆಯ ದಿನ ಕಾಗದಗಳೆಲ್ಲ ಉದಗೀರ ಮುಟ್ಟಿದವು.

ಕಾಲೇಜಿನ ಮೊದಲ ದಿನ ಹಾಜರಿ ಕರೆದರು. "ದಾನೇಶ್ವರಿ." ಎರಡು ಸಲ ಕರೆದರೂ ಉತ್ತರವಿಲ್ಲ. ಪಕ್ಕದ ಹುಡುಗಿ ಮೊಳಕೈ ತಾಗಿಸಿದಳು. ಆಗ ಎದ್ದು ನಿಂತಳು. ಕಣ್ಣು ತುಂಬಿದ್ದವು.

ಹಾಸ್ಟೆಲಿನ ದಿನಗಳು ಸುಲಭವಿರಲಿಲ್ಲ. ಪಾಠ ಮರಾಠಿಯಲ್ಲಿ, ಎಲುಬುಗಳ ಹೆಸರು ಇಂಗ್ಲಿಷಿನಲ್ಲಿ. ಹದಿನೆಂಟರ ಹುಡುಗಿಯರು ಅವಳನ್ನು ಮರಾಠಿಯಲ್ಲಿ 'ತಾಈ', ಎಂದರೆ ಅಕ್ಕ, ಎಂದು ಗೌರವದಿಂದ ಕರೆದು, ಗುಂಪು ಕಟ್ಟಿ ಊಟಕ್ಕೆ ಹೋಗಿಬಿಡುತ್ತಿದ್ದರು. ಸಂಜೆ ಅವಳು ಮೆಟ್ಟಿಲ ಮೇಲೆ ಒಬ್ಬಳೇ ಕೂರುತ್ತಿದ್ದಳು. ಮನೆಯಲ್ಲೂ ಒಂಟಿಯಾಗಿದ್ದೆ, ಇಲ್ಲೂ ಒಂಟಿ. ಆದರೆ ಇಲ್ಲಿ ಏನೋ ಕಲಿಯುತ್ತಿದ್ದೇನೆ ಎಂದುಕೊಳ್ಳುತ್ತಿದ್ದಳು.

ಮೂರನೆಯ ತಿಂಗಳು ಆಸ್ಪತ್ರೆಯ ವಾರ್ಡಿಗೆ ಕಳಿಸಿದರು. ಮೂಲೆಯ ಹಾಸಿಗೆಯಲ್ಲಿ ಒಬ್ಬ ಮುದುಕಿ, ಗಡಿಯ ಆಚೆಯ ಕನ್ನಡದವಳು, ಎರಡು ದಿನದಿಂದ ಗೋಡೆಗೆ ಮುಖ ಮಾಡಿದ್ದಳು.

"ಆಯಿ, ಎಲ್ಲಿ ನೋಯ್ಲತ್ತದ?" ಎಂದಳು ದಾನೇಶ್ವರಿ.

ಮುದುಕಿ ತಿರುಗಿ ಅವಳ ಕೈ ಹಿಡಿದಳು. "ನಮ್ಮ ಮಾತಿನಾಕಿ ಇದ್ದೀಯೇನವ್ವ? ನಿನ್ನ ಹೆಸರೇನು?"

"ದಾನೇಶ್ವರಿ." ಈ ಸಲ ತಡವಾಗಲಿಲ್ಲ.

ಆ ಸಂಜೆ ಅತ್ತೆಯ ಫೋನು ಬಂತು. "ದಾನೇಶ್ವರಿ, ಉಂಡಿಯೇನು?"

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. "ಉಂಡೀನ್ರಿ ಅತ್ತಿ. ಗುಳಗಿ ತೊಗೊಂಡ್ರಿ?"

"ತೊಗೊಂಡೆ. ಸಿಸ್ಟರ್‌ಗ ಬಿಪಿ ಬರಿಯೋ ವಹಿಯಾಗ ಗುರುಬಾಯಿ ಅಂತ ಬರಿ ಅಂದೆ. 'ಈಗ ನಿಮ್ ಕಾಗದಾನೂ ಕೂಡಂಗಿಲ್ಲ ಮಾವಶಿ' ಅಂತ ನಕ್ಕಳು. ಬರದಾಳ. ಕಸ್ತೂರಬಾಯಿ ಅನ್ನೋದರ ಮುಂದ ಕಂಸದಾಗ ಬರದಾಳ."

ಇದನ್ನು ಓದುತ್ತಿರುವ ಅಕ್ಕ, ನಿಮ್ಮ ಮನೆಯಲ್ಲೂ ಪಿಯುಸಿ ಮುಗಿಸಿ ಒಲೆಯ ಮುಂದೆ ಕುಳಿತ ಸೊಸೆ ಇರಬಹುದು. ಅವಳ ಮಾರ್ಕ್ಸ್ ಕಾರ್ಡ್ ಟ್ರಂಕಿನಿಂದ ತೆಗೆಯಿರಿ. ಮದುವೆಯ ನೋಂದಣಿ ಆಗದಿದ್ದರೆ ಈಗಲೇ ಮಾಡಿಸಿ; ಲಗ್ನಪತ್ರಿಕೆಯನ್ನು ಜೋಪಾನವಾಗಿಡಿ. ಕಾಲೇಜಿಗೆ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ, ವಯಸ್ಸು ಎಷ್ಟಿರಬೇಕು, ಯಾವ ಕಾಗದ ಬೇಕು ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಅರ್ಜಿಯಲ್ಲಿ ಮಾರ್ಕ್ಸ್ ಕಾರ್ಡಿನ ಹೆಸರನ್ನೇ ಬರೆಸಿ. ಅವಳು ದೂರ ಹೋದ ಮೇಲೆ ಸಂಜೆಗೊಂದು ಫೋನು ಮಾಡಿ.

ಅದಕ್ಕೂ ಮುಂಚೆ, ಇವತ್ತೇ, ರೊಟ್ಟಿ ಬಡಿಯುವಾಗ ಅವಳ ಪಕ್ಕ ಕುಳಿತು ಒಂದು ಮಾತು ಕೇಳಿ: ತವರಿನಲ್ಲಿ ನಿನ್ನನ್ನು ಏನೆಂದು ಕರೆಯುತ್ತಿದ್ದರು?