ನೀರು ಕೇಳುತ್ತಿದ್ದ ಟೇಪು

ಸರ್ವಮಂಗಳಮ್ಮನ ಮನೆಯಲ್ಲಿ ಅವರ ಅಪ್ಪನ ಒಂದು ಫೋಟೋ ಕೂಡ ಇರಲಿಲ್ಲ.

ಅಪ್ಪ ಚನ್ನವೀರಯ್ಯ ಗುಬ್ಬಿ ಕಡೆಯ ನಾಟಕದ ಕಂಪನಿಯೊಂದರಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಫೋಟೋದವರು ಕಿರೀಟ ಇಟ್ಟವರ ಕಡೆಗೇ ಕ್ಯಾಮೆರಾ ತಿರುಗಿಸುತ್ತಿದ್ದರು. ಒಂದು ಪಟದಲ್ಲಿ ಮಾತ್ರ ದುರ್ಯೋಧನನ ಗದೆಯ ಪಕ್ಕ ಹಾರ್ಮೋನಿಯಂನ ಮೂಲೆಯೂ ಒಂದು ಕೈಯೂ ಕಾಣುತ್ತದೆ. ಅದು ಅಪ್ಪನ ಕೈಯೇ ಎಂದು ಸರ್ವಮಂಗಳಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದರು. ತಬಲದವನದೂ ಇರಬಹುದು ಎಂದು ಮೊಮ್ಮಗಳು ಸುಮನಾಗೆ ಅನ್ನಿಸುತ್ತಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ.

ಫೋಟೋ ಇಲ್ಲದ ಆ ಮನೆಯಲ್ಲಿ ಧ್ವನಿ ಇತ್ತು. ಸರ್ವಮಂಗಳಮ್ಮನ ತಂಗಿ ಶಿವಗಂಗಮ್ಮನ ಗಂಡ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕೆಲಸ ಕಲಿತು, ಅಮೆರಿಕದ ಕೆಂಟಕಿಯ ಲಾಯವೊಂದಕ್ಕೆ ಹೋದವನು. ತಂಗಿ ಚೊಚ್ಚಲ ಬಾಣಂತನಕ್ಕೆ ಕುಣಿಗಲ್ಲಿನ ಅಕ್ಕನ ಮನೆಗೆ ಬರುವಾಗ ಅಲ್ಲಿಂದ ಒಂದು ಟೇಪ್ ರೆಕಾರ್ಡರ್ ತಂದಳು. ಅದು ಆ ದೇಶದ ನೂರಿಪ್ಪತ್ತು ವೋಲ್ಟಿನ ಯಂತ್ರ. ನಮ್ಮ ಗೋಡೆಯಲ್ಲಿ ಬರುವುದು ಇನ್ನೂರ ಮೂವತ್ತು. ಹಿರೇಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುತ್ತಿದ್ದ ಕದರಯ್ಯನ ಕೈಲಿ, ವೋಲ್ಟೇಜನ್ನು ಅರ್ಧಕ್ಕೆ ಇಳಿಸುವ ಕಬ್ಬಿಣದ ಪೆಟ್ಟಿಗೆಯೊಂದನ್ನು ಮಾಡಿಸಿದರು. ಇಟ್ಟಿಗೆಯಷ್ಟು ದಪ್ಪ, ಇಟ್ಟಿಗೆಗಿಂತ ಭಾರ. ಮನೆಯವರು ಅದನ್ನು ಡಬ್ಬ ಎಂದು ಕರೆದರು. ಮೊದಲ ಆಯುಧಪೂಜೆಯಲ್ಲಿ ಚನ್ನವೀರಯ್ಯನವರೇ ಅದಕ್ಕೆ ಮೂರು ಬೆರಳಲ್ಲಿ ವಿಭೂತಿ ಬಳಿದರು. ಆಮೇಲೆ ಪ್ರತಿ ವರ್ಷ ಸರ್ವಮಂಗಳಮ್ಮ ಬಳಿದರು. ಡಬ್ಬ ಏನು ಮಾಡುತ್ತದೆ ಎಂದು ಅವರು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಡಬ್ಬ ಇಟ್ಟು ಟೇಪು ಹಾಕಬೇಕು, ಅಷ್ಟೆ.

ಆ ಬಾಣಂತನದಲ್ಲೇ ಅಪ್ಪನನ್ನು ಕೂರಿಸಿ ಒಂದು ಕ್ಯಾಸೆಟ್ಟಿಗೆ ಹಾಡಿಸಿದ್ದರು. ಎಂಟು ರಂಗಗೀತೆ. ಮೂರನೆಯದು ಮುಗಿದ ಮೇಲೆ ಚನ್ನವೀರಯ್ಯ ಕೆಮ್ಮುತ್ತಾರೆ, ಆಮೇಲೆ ಪಕ್ಕಕ್ಕೆ ತಿರುಗಿ, "ಮಂಗ್ಳಾ, ಒಂದ್ ಲೋಟ ನೀರ್ ತಾರೇ" ಅನ್ನುತ್ತಾರೆ. ಮುಂದಿನ ವರ್ಷ ಅವರು ತೀರಿಕೊಂಡರು.

ಅಂದಿನಿಂದ ಪ್ರತಿ ವರ್ಷ ಅವರ ಸ್ಮರಣೆಯ ದಿನ, ಪ್ರಸಾದಕ್ಕೆ ಕೂರುವ ಮೊದಲು, ಟೇಪು ಹಾಕುವುದು ಮನೆಯ ಪದ್ಧತಿಯಾಯಿತು. ಮೂರನೆಯ ಹಾಡು ಮುಗಿಯುವಷ್ಟರಲ್ಲಿ ಯಾರಾದರೂ ಟೇಪಿನ ಮುಂದೆ ಒಂದು ಲೋಟ ನೀರು ಇಟ್ಟಿರಬೇಕು. ಚಿಕ್ಕವಳಿದ್ದಾಗ ಆ ಓಟ ಸುಮನಾಳದು. ಅರ್ಧ ನೀರು ಅಡುಗೆಮನೆಯ ಹೊಸ್ತಿಲಿಗೇ ಚೆಲ್ಲುತ್ತಿತ್ತು. ಎಂಟೂ ಹಾಡು ಮುಗಿದ ಮೇಲೆ ಉಳಿದರ್ಧ ಅವಳಿಗೇ. ಅದು ಬರೀ ಬೋರ್‌ವೆಲ್ ನೀರು, ಆದರೂ ಆ ದಿನ ಬೇರೆ ರುಚಿ ಅನ್ನಿಸುತ್ತಿತ್ತು.

ಸುಮನಾ ಈಗ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಬಾಡಿಗೆಗಿದ್ದು ಕ್ಯಾತ್ಸಂದ್ರದ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುತ್ತಾಳೆ. ಹೋದ ಬೇಸಿಗೆಯಲ್ಲಿ ಶಿವಗಂಗಮ್ಮ ಫೋನು ಮಾಡಿ, ತನಗೆ ಮಂಡಿ ಹೋಗಿದೆ, ಇನ್ನು ವಿಮಾನ ಹತ್ತುವುದಿಲ್ಲ, ಅಕ್ಕನನ್ನೂ ಟೇಪನ್ನೂ ಒಂದು ಸಲ ಕರೆದುಕೊಂಡು ಬಾ ಎಂದರು. ಸುಮನಾ ರಜೆ ಹಾಕಿದಳು. ಮೊಬೈಲ್ ಚಾರ್ಜರಿಗೆಂದು ತುಮಕೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಎಲ್ಲ ದೇಶಕ್ಕೂ ಆಗುವ ಬಿಳಿ ಅಡಾಪ್ಟರ್ ಒಂದನ್ನು ಕೊಂಡಳು. ಯಾವ ಪಿನ್ನನ್ನು ಯಾವ ಗೋಡೆಗಾದರೂ ಕೂರಿಸುತ್ತದೆ, ವೋಲ್ಟೇಜಿನ ತಂಟೆಗೆ ಹೋಗುವುದಿಲ್ಲ. ಹಾಗೆಂದು ಅದರ ಬೆನ್ನಿನ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಡಬ್ಬ ಅಲ್ಲಿ ಬೇಕಾಗುವುದಿಲ್ಲ ಎಂದರೂ ಅಜ್ಜಿ ಕೇಳದೆ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿದರು.

ಕೆಂಟಕಿಯಲ್ಲಿ ಇಳಿದ ಸಂಜೆಯೇ ಅಜ್ಜಿ ವಾಡಿಕೆಯಂತೆ ಗೋಡೆಗೆ ಅಡಾಪ್ಟರ್, ಅಡಾಪ್ಟರಿಗೆ ಡಬ್ಬ, ಡಬ್ಬಕ್ಕೆ ಟೇಪು ಸಿಕ್ಕಿಸಿದರು. ಮೊದಲೇ ಅರ್ಧ ಇರುವ ಕರೆಂಟು ಮತ್ತೆ ಅರ್ಧವಾಯಿತು. ಚನ್ನವೀರಯ್ಯ ನಿದ್ದೆಗಣ್ಣಲ್ಲಿ ಹಾಡುವವರ ಹಾಗೆ ಎಳೆಯತೊಡಗಿದರು. ಅಜ್ಜಿಯ ಮುಖ ಸಣ್ಣದಾಯಿತು. ಶಿವಗಂಗಮ್ಮ ಕುಂಟುತ್ತ ಬಂದು ಟೇಪಿನ ಪ್ಲಗ್ಗನ್ನು ಡಬ್ಬದಿಂದ ಕಿತ್ತು ನೇರ ಗೋಡೆಗೆ ಚುಚ್ಚಿದರು. ಹಾಡು ನೆಟ್ಟಗಾಯಿತು.

"ತೌರಿಗ್ ಬಂದದೆ ಕಣಕ್ಕ. ಇಲ್ಲಿ ಅದ್ಕೆ ಯಾರ್ ಊರುಗೋಲೂ ಬ್ಯಾಡ" ಎಂದು ತಂಗಿ ನಕ್ಕರು.

ಸುಮನಾಳೂ ನಕ್ಕಳು. ಯಾಕೆ ಬೇಡ ಎಂದು ಆಗಲೇ ಬಿಡಿಸಿ ಹೇಳಬಹುದಿತ್ತು. ಮೂರನೆಯ ಹಾಡು ಮುಗಿಯುತ್ತಿತ್ತು, ಇಬ್ಬರು ಮುದುಕಿಯರೂ ಒಟ್ಟಿಗೇ ಅಡುಗೆಮನೆಗೆ ಎದ್ದಿದ್ದರು. ನೀರು ಕೇಳಿದ್ದು ಮಂಗಳಾಳನ್ನು, ಗಂಗಾಳನ್ನಲ್ಲ ಎಂದು ಅಕ್ಕ. ನಲವತ್ತು ವರ್ಷ ನೀನೇ ಕೊಟ್ಟಿದ್ದೀಯ, ಇವತ್ತು ನಾನು ಎಂದು ತಂಗಿ. ಕಡೆಗೆ ಟೇಪಿನ ಮುಂದೆ ಎರಡು ಲೋಟ ಬಂತು.

ಇದ್ದ ಮೂರು ವಾರವೂ ಟೇಪು ಹಾಗೇ ಹಾಡಿತು. ಒಂದು ಮಧ್ಯಾಹ್ನ ಸುಮನಾ ಅದನ್ನು ಮೊಬೈಲಿಗೆ ತುಂಬಿಕೊಳ್ಳಲು ಹೋದಳು. ಹಿಂದೆ ಒಮ್ಮೆ ಮೊದಲ ಹಾಡನ್ನು ತುಂಬಿಕೊಂಡಿದ್ದಳು. ಫೋನು ಬದಲಾಯಿಸಿದಾಗ ಅದು ಹೋಗಿತ್ತು, ಅಜ್ಜಿ ಅದನ್ನು ಮರೆತಿರಲಿಲ್ಲ. ಈ ಸಲ ತಡೆದವರು ಶಿವಗಂಗಮ್ಮ. ಮೊಬೈಲಿನ ಮೇಲೆ ಅಂಗೈ ಮುಚ್ಚಿ, "ಬ್ಯಾಡ ಮಗ. ಕಾಪಿ ಮಾಡ್ಕೊಟ್ರೆ ಅಕ್ಕ ಇನ್ನೊಂದ್ಸಲ ಯಾಕ್ ಬತ್ತಾಳೆ?" ಎಂದರು. ಸುಮನಾಗೆ ಅದು ದಡ್ಡತನ ಅನ್ನಿಸಿತು. ಆದರೂ ಮೊಬೈಲು ಒಳಗಿಟ್ಟಳು.

ಹೊರಡುವ ದಿನ ತಂಗಿ ಡಬ್ಬ ಕೇಳಿದರು. ಟೇಪು ನಿನಗಿರಲಿ, ಅಪ್ಪನ ಬೆರಳು ತಾಗಿದ್ದು ನನಗೂ ಒಂದು ಬೇಕು ಎಂದರು. ವಿಭೂತಿ ಪದರ ಪದರವಾಗಿ ಕೂತು ಡಬ್ಬ ಬೂದುಬಣ್ಣಕ್ಕೆ ತಿರುಗಿತ್ತು. ಎಲ್ಲಕ್ಕಿಂತ ಕೆಳಗಿನ ಪದರ ಅಪ್ಪನದು. ಬ್ಯಾಗಿನ ತೂಕ ಹೇಗೂ ಹೆಚ್ಚಾಗಿತ್ತು, ಹಿರೇಹಳ್ಳಿಯಲ್ಲಿ ಇನ್ನೊಂದು ಸುತ್ತಿಸಿದರಾಯಿತು ಎಂದು ಸುಮನಾ ಒಪ್ಪಿದಳು. ಅಜ್ಜಿ ಟೇಪನ್ನು ಮಡಿಲಲ್ಲಿಟ್ಟುಕೊಂಡೇ ಅಷ್ಟು ದೂರ ಬಂದರು.

ಊರಿಗೆ ಬಂದ ವಾರದಲ್ಲೇ ಸುಮನಾ ಹಿರೇಹಳ್ಳಿಗೆ ಹೋದಳು. ಕದರಯ್ಯ ಈಗಿಲ್ಲ, ಶೆಡ್ಡು ಮಗ ಅಂಜನ್‌ಕುಮಾರನದು. ಇಂಥ ಚಿಲ್ಲರೆ ಕೆಲಸ ಈಗ ಹಿಡಿಯುವುದಿಲ್ಲ, ಅಪ್ಪನ ಕಾಲದ ಗಿರಾಕಿ ಅಂತ ಮಾಡಿಕೊಡುತ್ತೇನೆ, ಶುಕ್ರವಾರ ಬನ್ನಿ ಎಂದ. ಸ್ಮರಣೆ ಇದ್ದದ್ದು ಬುಧವಾರ. ಸುಮನಾ ಅಜ್ಜಿಗೆ ಫೋನು ಮಾಡಿದಳು.

"ಡಬ್ಬ ಬರೋವರ್ಗೂ ಟೇಪ್ ಹಾಕ್ಬೇಡ ಅಜ್ಜಿ."

"ಆಯ್ತು ಬುಡು" ಎಂದರು ಅಜ್ಜಿ.

ಬುಧವಾರ ಮಧ್ಯಾಹ್ನ ಸುಮನಾ ಕುಣಿಗಲ್ಲಿನಲ್ಲಿ ಬಸ್ಸಿಳಿದು ಮನೆಯ ಬಾಗಿಲಿಗೆ ಬಂದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹೊಡೆಯಿತು. ಒಳಗೆ ಅಜ್ಜಿ ನೀರಿನ ಲೋಟ ಹಿಡಿದು ನಿಂತಿದ್ದರು. ಗೋಡೆಯಲ್ಲಿ, ಅಜ್ಜಿಯ ಬ್ಯಾಗಿನಲ್ಲೇ ಉಳಿದುಹೋಗಿದ್ದ ಬಿಳಿ ಅಡಾಪ್ಟರ್, ಅದಕ್ಕೆ ಟೇಪು.

ಆದದ್ದನ್ನು ಅಜ್ಜಿ ನಿಂತಲ್ಲೇ ಹೇಳಿದರು. ಅಡಾಪ್ಟರ್ ಸಲೀಸಾಗಿ ಕೂತಿತು. ಅಪ್ಪ ಎಂದಿಗಿಂತ ಗಟ್ಟಿಯಾಗಿ ಹಾಡಿದರು, ಹರೆಯದಲ್ಲಿ ಹಾಡುತ್ತಿದ್ದ ಹಾಗೆ. ಕಾಲು ಮೊದಲಿನಂತೆ ಓಡುವುದಿಲ್ಲವಲ್ಲ, ಎರಡನೆಯ ಹಾಡಿಗೇ ನೀರು ತರಲು ಎದ್ದರು. ಲೋಟ ತೊಳೆದು ತುಂಬಿಕೊಂಡು ಬರುವಷ್ಟರಲ್ಲಿ ಹೊಗೆ. ಕೈಲಿ ನೀರಿದ್ದರೂ ಕರೆಂಟಿನ ಮೇಲೆ ಸುರಿಯಬಾರದೆಂದು ಸುರಿಯಲಿಲ್ಲ. ಮೊದಲು ಸ್ವಿಚ್ ಆರಿಸಿದರು. ತಡವಾಗಿತ್ತು.

ಮುಚ್ಚಳ ಕರಗಿ ಕ್ಯಾಸೆಟ್ಟಿನ ಮೇಲೆ ಇಳಿದಿತ್ತು. ಒಳಗಿನ ರೀಲು ಸುಟ್ಟ ಕೂದಲಿನ ಹಾಗೆ ಮುದುಡಿತ್ತು. ಇದರಲ್ಲಿ ಏನೂ ಬರುವುದಿಲ್ಲ ಎಂದು ಆಮೇಲೆ ತುಮಕೂರಿನ ಇಬ್ಬರು ರಿಪೇರಿಯವರು ಹೇಳಿದರು. ಅದು ನೋಡಿದರೇ ಗೊತ್ತಾಗುತ್ತಿತ್ತು.

"ಹಾಕ್ಬೇಡ ಅಂದಿದ್ನಲ್ಲ ಅಜ್ಜಿ."

"ಅಲ್ಲಿ ಡಬ್ಬ ಇಲ್ದೇನೇ ಹಾಡ್ತಲ್ಲೇ" ಎಂದರು ಅಜ್ಜಿ. ದನಿಯಲ್ಲಿ ವಾದವಿರಲಿಲ್ಲ. "ತಂಗಿ ಮನೇಲಿ ಹಾಡ್ದೋರು ನನ್ ಮನೇಲಿ ಹಾಡಲ್ವಾ ಅನ್ಕಂಡೆ."

ಈಗ ಸುಮನಾ ಬಿಡಿಸಿ ಹೇಳಿದಳು: ಅಲ್ಲಿಯ ನೂರಿಪ್ಪತ್ತು, ಇಲ್ಲಿಯ ಇನ್ನೂರ ಮೂವತ್ತು, ಪಿನ್ನು ಬೇರೆ, ವೋಲ್ಟೇಜು ಬೇರೆ. ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಹೂಂ ಎಂದು, ಲೋಟವನ್ನು ಕರಗಿದ ಯಂತ್ರದ ಮುಂದೆ ಇಟ್ಟರು. ಆ ನೀರನ್ನು ಯಾರೂ ಕುಡಿಯಲಿಲ್ಲ.

ಶುಕ್ರವಾರ ಹೊಸ ಡಬ್ಬ ಬಂತು. ಅಂಜನ್‌ಕುಮಾರ ಚೆನ್ನಾಗಿ ಸುತ್ತಿದ್ದ.

ಹೋದದ್ದು ಇಷ್ಟು: ಒಂದು ಟೇಪ್ ರೆಕಾರ್ಡರ್, ಒಂದು ಕ್ಯಾಸೆಟ್, ಎಂಟು ಹಾಡು, ಒಂದು ಕೆಮ್ಮು, ನೀರು ಕೇಳಿದ ಒಂದು ಮಾತು.