ಒಸಡಿಗೆ ರಜೆ

ಬೆಳಿಗ್ಗೆ ಬಾಯಿ ತೊಳೆದು ಉಗಿದ ನೀರು ಕೆಂಪಗಿದ್ದರೆ ಬಹಳಷ್ಟು ಜನ ಮಾಡುವುದು ಒಂದೇ ಕೆಲಸ. ನಲ್ಲಿಯನ್ನು ಜೋರಾಗಿ ತಿರುಗಿಸುತ್ತಾರೆ. ಕೆಂಪು ಹರಿದು ಹೋಗುತ್ತದೆ, ಅದರ ಜೊತೆ ಚಿಂತೆಯೂ. ಕ್ಲಾರಿನೆಟ್‌ನವನೂ ಅದನ್ನೇ ಮಾಡುತ್ತಿದ್ದ.

ಅವನು ಬ್ಯಾಂಡಿನಲ್ಲಿ ಮುಂದಿನ ಸಾಲಿನವನು. ಮದುವೆಯಿರಲಿ, ಅಂಗಡಿಯ ಉದ್ಘಾಟನೆಯಿರಲಿ, ಶಾಲೆಯ ಆಟದ ಮೈದಾನವಿರಲಿ, ಹಾಡನ್ನು ಎತ್ತುವವನು ಅವನು. ಉಳಿದವರು ಅವನ ಬೆನ್ನು ಹಿಡಿಯುವವರು. ಮನೆಯ ಒಲೆ ಉರಿಯುತ್ತಿದ್ದುದೇ ಅವನ ಉಸಿರಿನಿಂದ.

ಅವನಿಗೆ ಊದಲು ಕಲಿಸಿದವರು ಸೋದರಮಾವ. ಮಾವ ಈಗ ಅದೇ ಬ್ಯಾಂಡಿನಲ್ಲಿ ಹಿಂದಿನ ಸಾಲಿನಲ್ಲಿ ದೊಡ್ಡ ಡ್ರಮ್ ಬಾರಿಸುತ್ತಾರೆ. ಹಿಂದೊಮ್ಮೆ ಅವರೂ ಕ್ಲಾರಿನೆಟ್‌ನವರೇ. ಕ್ಲಾರಿನೆಟ್‌ನ ಬಾಯಿಗಿಡುವ ತುದಿಯಾದ ಮೌತ್‌ಪೀಸನ್ನು ಮೇಲಿನ ಎದುರು ಹಲ್ಲುಗಳು ಒತ್ತಿ ಹಿಡಿಯಬೇಕು, ಆಗಲೇ ಸ್ವರ ನಿಲ್ಲುವುದು. ಮಾವನಿಗೆ ನಲವತ್ತು ದಾಟುವಷ್ಟರಲ್ಲಿ ಆ ಹಲ್ಲುಗಳು ಒಂದೊಂದಾಗಿ ಅಲುಗಾಡಿ ಉದುರಿದವು. ಕಟ್ಟಿಸಿಕೊಂಡ ಹಲ್ಲುಸೆಟ್ಟು ಮಾತಿಗೆ ಬಂತು, ಊದುವುದಕ್ಕೆ ಬರಲಿಲ್ಲ. "ನಮ್ಮ ವಂಶದ ಹಲ್ಲೇ ಹಂಗೆ ಅಳಿಯ, ಪೆನ್ಶನ್ ಕೇಳ್ದೇನೆ ನಿವೃತ್ತಿ ತಗೊಳ್ತವೆ" ಎಂದು ಮಾವ ನಗುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ಊದುವವರಲ್ಲಿ ಒಂದು ಮಾತಿದೆ. ಬಹಳ ಹೊತ್ತು ಊದಿದರೆ ತುಟಿ ಬಾತುಕೊಳ್ಳುತ್ತದೆ, ಕೆಲವೊಮ್ಮೆ ಒಡೆದು ರಕ್ತ ಬರುತ್ತದೆ. ಎರಡು ದಿನ ವಾದ್ಯ ಮುಟ್ಟದೆ ಬಿಟ್ಟರೆ ತಾನಾಗಿ ವಾಸಿಯಾಗುತ್ತದೆ. ತುಟಿಗೆ ಒಗ್ಗುವ ಈ ಮದ್ದನ್ನೇ ಬ್ಯಾಂಡಿನ ಹಿರಿಯರು ಒಸಡಿಗೂ ಬರೆದುಕೊಟ್ಟಿದ್ದರು. ಒಸಡಿನಿಂದ ರಕ್ತ ಬಂತೋ, ಬ್ರಷ್ ಮೂಲೆಗೆ. "ಒಸಡಿಗೆ ರಜೆ ಕೊಡು, ತಣ್ಣಗಾಗತ್ತೆ" ಎನ್ನುವುದು ಮಾವನ ಪಾಠ. ರಜೆಯ ದಿನಗಳಲ್ಲಿ ನೀರು ಮುಕ್ಕಳಿಸಿ ಉಗಿಯುವುದು, ಆಗೀಗ ಉಪ್ಪು ಬೆರೆಸಿದ ಇದ್ದಿಲ ಪುಡಿಯಿಂದ ಗಸಗಸ ತಿಕ್ಕುವುದು. ಬಾಯಿಯ ದುರ್ವಾಸನೆಗೆ ಲವಂಗ. ಬ್ಯಾಂಡಿನವರ ಕೆಂಪು ಕೋಟಿನ ಜೇಬುಗಳಲ್ಲಿ ಲವಂಗ ಇಲ್ಲದ ಜೇಬೇ ಇರಲಿಲ್ಲ.

ರಜೆ ಮುಗಿಸಿ ಬ್ರಷ್ ಹಿಡಿದರೆ ರಕ್ತ ಮೊದಲಿಗಿಂತ ಹೆಚ್ಚು ಬರುತ್ತಿತ್ತು. ಮತ್ತೆ ರಜೆ. ಹೀಗೆ ವರ್ಷದಲ್ಲಿ ಅವನ ಬ್ರಷ್ ಕೆಲಸ ಮಾಡಿದ್ದಕ್ಕಿಂತ ಸುಮ್ಮನೆ ಕೂತಿದ್ದೇ ಹೆಚ್ಚು.

ಹೊಸ ಸೇತುವೆಯ ಉದ್ಘಾಟನೆಗೆ ಬ್ಯಾಂಡನ್ನು ಕರೆದಿದ್ದರು. ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ ಅಭ್ಯಾಸ. ನಡುವೆ ಒಂದು ಕಡೆ ಎಲ್ಲ ವಾದ್ಯ ನಿಂತು ಕ್ಲಾರಿನೆಟ್ ಒಂದೇ ಉದ್ದಕ್ಕೆ ಸ್ವರ ಹಿಡಿಯಬೇಕಿತ್ತು. ಅವನು ಹಿಡಿದ. ಸ್ವರ ಅರ್ಧ ದಾರಿಯಲ್ಲಿ ಕೀಚ್ ಎಂದಿತು, ಬಾಗಿಲ ಸಂದಿಗೆ ಬಾಲ ಸಿಕ್ಕ ಬೆಕ್ಕಿನ ಹಾಗೆ. ಟ್ರಂಪೆಟ್‌ನವನು ಕಿಸಕ್ಕನೆ ನಕ್ಕ. ಹಿಂದಿನ ಸಾಲಿನಲ್ಲಿ ಮಾವ ಮಾತ್ರ ನಗಲಿಲ್ಲ.

ಎಲ್ಲರೂ ಮೆಟ್ಟಿಲಿಳಿದು ಹೋದ ಮೇಲೆ ಮಾವ ಹತ್ತಿರ ಬಂದರು.

"ಯಾವ ಹಲ್ಲು?"

"ಯಾವುದೂ ಇಲ್ಲ ಮಾವ. ಮೌತ್‌ಪೀಸಿನ ರೀಡ್ ಪಟ್ಟಿ ಹಳೇದಾಗಿದೆ."

"ರೀಡ್ ಹಳೇದಾದ್ರೆ ಬರೋ ಸದ್ದು ಬೇರೆ. ಈ ಸದ್ದು ನನ್ನ ಬಾಯಿಂದಾನೇ ಬಂದಿತ್ತು, ನಂಗೊತ್ತಿಲ್ವಾ?"

ಅವನು ಮೌತ್‌ಪೀಸನ್ನು ಬಿಚ್ಚಿ ಮಾವನ ಕೈಗೆ ಕೊಟ್ಟ. ಹಲ್ಲು ಅದರ ಮೇಲೆ ಸರಿಯುವುದು ಗೊತ್ತಾಗಬಾರದೆಂದು ಅದಕ್ಕೆ ಸೈಕಲ್ ಟ್ಯೂಬಿನ ಚೂರು ಕತ್ತರಿಸಿ ಅಂಟಿಸಿಕೊಂಡು ಎಷ್ಟೋ ದಿನವಾಗಿತ್ತು. ಮಾವ ಆ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಹೆದರ್ಕೋಬೇಡ ಅಳಿಯ. ಸಣ್ಣ ಡ್ರಮ್ ಹೊಡೆಯೋನು ಬಿಟ್ಟು ಹೋಗ್ತಾನಂತೆ. ನನ್ನ ಪಕ್ಕ ಬಂದು ನಿಂತ್ಕೋ. ಅಭ್ಯಾಸ ಆಗೋಗತ್ತೆ."

ಮಾವ ಸಮಾಧಾನಕ್ಕೆಂದು ಹೇಳಿದ ಮಾತು. ಅಷ್ಟು ಭಯ ಬೈದಿದ್ದರೂ ಆಗುತ್ತಿರಲಿಲ್ಲ.

ಮನೆಗೆ ಬಂದರೆ ಅಲ್ಲಿ ಬೇರೆಯೇ ಜಗಳ ನಡೆದಿತ್ತು. ಮಗಳು ಬ್ರಷ್ ಹಿಡಿಯಲು ಒಪ್ಪುತ್ತಿರಲಿಲ್ಲ. ಹೆಂಡತಿ ಕೈಯಲ್ಲಿ ಬ್ರಷ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಅವಳ ತಂಗಿ ಬಂದಿದ್ದಳು. ಆಕೆ ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ ಪಕ್ಕ ನಿಂತು ಕೆಲಸ ಮಾಡುವವಳು.

"ನೋಡ್ರೀ, ನಿಮ್ಮ ಮಗಳು ಹೇಳೋದ್ನ ಕೇಳಿ" ಎಂದಳು ಹೆಂಡತಿ.

"ರಕ್ತ ಬಂತು. ಅದಕ್ಕೆ ರಜೆ" ಎಂದಳು ಮಗಳು. "ಅಪ್ಪಾನೂ ರಜೆ ಹಾಕ್ತಾರಲ್ಲ. ನಂದು ಹಾಲುಹಲ್ಲು, ಹೆಂಗಿದ್ರೂ ಬೀಳತ್ತೆ."

ನಾದಿನಿ ನಗು ತಡೆದುಕೊಂಡು ಕೇಳಿದಳು. "ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತಾರಲ್ಲ, ನೋಡಿದೀಯಾ?"

"ಹೂಂ."

"ಹಾಲುಹಲ್ಲು ಆ ಟವೆಲ್ ಇದ್ದಂಗೆ. ಕೆಳಗಿಂದ ದೊಡ್ಡ ಹಲ್ಲು ಬರೋ ತನಕ ಜಾಗ ಹಿಡ್ಕೊಂಡಿರತ್ತೆ. ಹುಳುಕಾಗಿ ಮುಂಚೆನೇ ಹೋದ್ರೆ ಪಕ್ಕದ ಹಲ್ಲು ಬಂದು ಕೂತ್ಕೊಳತ್ತೆ. ಆಮೇಲೆ ಬರೋ ಹಲ್ಲು ನಿಂತ್ಕೊಂಡೇ ಹೋಗ್ಬೇಕು, ಸೊಟ್ಟಗೆ."

ಮಗಳು ಬ್ರಷ್ ತೆಗೆದುಕೊಂಡಳು. ಅಪ್ಪನ ಕಡೆ ಒಂದು ಸಲ ನೋಡಿ ಒಳಗೆ ಹೋದಳು.

"ಮಗೂದು ಮುಗೀತು" ಎಂದಳು ನಾದಿನಿ. "ಇನ್ನು ನಿಮ್ಮ ರಜೆ ಅರ್ಜಿ ಕೊಡಿ ಭಾವ. ಯಾಕೆ, ಮುಖ ಹಿಂಗ್ಯಾಕಿದೆ?"

ಅವನು ಹೇಳಬಾರದು ಎಂದುಕೊಂಡಿದ್ದ. ಆದರೆ ಮಾವನ ಮಾತು ಇನ್ನೂ ಕಿವಿಯಲ್ಲಿತ್ತು. ಹೇಳಿದ. ಹೆಂಡತಿ ಕೇಳುತ್ತಾ ಕೇಳುತ್ತಾ ಮಣೆ ಎಳೆದುಕೊಂಡು ಕೂತಳು. ಮಾವನನ್ನೂ ಕರೆಸಿದಳು, ಎರಡು ಮನೆ ಆಚೆಯೇ ಅವರು ಇದ್ದುದು.

ನಾದಿನಿ ಕಿಟಕಿಯ ಬೆಳಕಿಗೆ ಅವನ ಬಾಯಿ ತೆರೆಸಿ ನೋಡಿದಳು. "ಒಸಡು ಬಾತಿದೆ. ಹಲ್ಲಿನ ಬುಡದಲ್ಲಿ ಕೊಳೆ ಗಟ್ಟಿಯಾಗಿ ಗಾರೆ ಕಟ್ಟಿದೆ. ನಾಳೆನೇ ಡಾಕ್ಟ್ರ ಹತ್ರ ಬನ್ನಿ, ಕ್ಲೀನ್ ಮಾಡ್ತಾರೆ."

ಮಾವ ಕೈ ಅಡ್ಡ ಹಿಡಿದರು. "ಅದೊಂದು ಬೇಡಮ್ಮ. ಕ್ಲೀನ್ ಮಾಡಿಸ್ಕೊಂಡೋರ ಹಲ್ಲೆಲ್ಲ ಸಡಿಲ ಆಗ್ತವೆ, ಸಂದಿ ಬೀಳ್ತವೆ. ಆ ಗಾರೆನೇ ಹಲ್ಲನ್ನ ಹಿಡ್ಕೊಂಡಿರೋದು. ಕೊನೆಗೆ ಹಲ್ಲೇ ಕೀಳಕ್ಕೆ ಹೋದ್ರೋ, ಮೇಲಿನ ಹಲ್ಲಿನ ನರ ಕಣ್ಣಿಗೇ ಹೋಗಿರತ್ತೆ. ಹಲ್ಲು ಉಳಿಸಕ್ಕೆ ಹೋಗಿ ಕಣ್ಣು ಕಳ್ಕೊಂಡ ಅಂತಾಗ್ಬಾರ್ದು."

"ಮೇಲಿನ ಹಲ್ಲು ಕಿತ್ತಿದ್ರಿಂದ ಕಣ್ಣು ಹೋಗಲ್ಲ ಮಾವ. ನಾವು ದಿನಾ ಕೀಳ್ತೀವಿ, ಎಲ್ರೂ ದಾರಿ ನೋಡ್ಕೊಂಡೇ ಮನೆಗೆ ಹೋಗ್ತಾರೆ. ನಿಮ್ಮ ಮೇಲಿನ ಹಲ್ಲೂ ಹೋದ್ವಲ್ಲ, ಕಣ್ಣಿಗೇನಾಯ್ತು? ಮೊನ್ನೆ ಮೂರನೇ ಮನೆಯೋರು ಏನು ತಂದ್ರು ಅಂತ ಚೀಲದ ಸಮೇತ ಹೇಳಿದ್ರಿ."

ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಾದಿನಿ ಭಾವನ ವಾದ್ಯದ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಭಾವ, ಊದಿ ಮುಗಿಸಿದ ಮೇಲೆ ಇದನ್ನ ಹಂಗೇ ಮುಚ್ಚಿಡ್ತೀರಾ?"

"ಹಂಗೇ ಇಟ್ರೆ ಹಾಳಾಗಲ್ವಾ? ಒಳಗೆ ಎಂಜಲು ನಿಲ್ಲತ್ತೆ. ಬಟ್ಟೆ ಎಳೆದು ಒರೆಸಿಯೇ ಇಡೋದು."

"ದಿನಾ?"

"ದಿನಾ."

"ಮೌತ್‌ಪೀಸ್ ಮೇಲೆ ಬೆಳ್ಳಗೆ ಗಟ್ಟಿಯಾಗಿ ಕಟ್ಕೊಳತ್ತಲ್ಲ, ಅದು?"

"ಅದೂ ಎಂಜಲಿಂದಾನೇ. ನೆನೆಸಿ ನಿಧಾನಕ್ಕೆ ತೆಗೀತೀವಿ. ಬಿಟ್ರೆ ಕಲ್ಲಾಗತ್ತೆ."

"ತೆಗೆದಾಗ ಮೌತ್‌ಪೀಸ್ ಸಡಿಲ ಆಗತ್ತಾ?"

ಅವನು ಪೆಟ್ಟಿಗೆಯಿಂದ ಮೌತ್‌ಪೀಸ್ ತೆಗೆದು ತಿರುಗಿಸಿ ನೋಡಿದ. ಮಾವನೂ ಬಗ್ಗಿ ನೋಡಿದರು. 

"ಅದೇ ಎಂಜಲು, ಅದೇ ಕಲ್ಲು" ಎಂದಳು ನಾದಿನಿ. "ಹಲ್ಲಿನ ಬುಡದಲ್ಲಿ ಅನ್ನದ ಅಗುಳಿನ ಕೊಳೆ ನಿಂತು ಕಲ್ಲಾಗತ್ತೆ. ಆ ಕೊಳೆಗೆ ಒಸಡು ಬಾತು ರಕ್ತ ಬರತ್ತೆ. ತುಟಿ ಉಜ್ಜಿ ಉಜ್ಜಿ ಒಡೆಯತ್ತೆ, ಅದಕ್ಕೆ ವಿಶ್ರಾಂತಿ ಸರಿ. ಒಸಡಲ್ಲಿ ರಕ್ತ ಬರೋದು ಉಜ್ಜದೇ ಇರೋದ್ರಿಂದ ಭಾವ. ನೀವು ರಜೆ ಕೊಟ್ಟಷ್ಟೂ ಕೊಳೆಗೆ ಓವರ್‌ಟೈಮ್. ಒಳಗೆ ಹಲ್ಲು ಹಿಡ್ಕೊಂಡಿರೋ ಮೂಳೆ ನಿಧಾನಕ್ಕೆ ಕರಗತ್ತೆ. ನೋವೂ ಆಗಲ್ಲ, ಅದೇ ಮೋಸ. ಅಲುಗಾಡೋ ಹೊತ್ತಿಗೆ ಎಷ್ಟೋ ಹೋಗಿರತ್ತೆ."

"ಆಮೇಲೆ ಕ್ಲೀನ್ ಮಾಡಿಸಿದಾಗ ಸಂದಿ ಕಾಣತ್ತಲ್ಲಮ್ಮ?" ಮಾವನ ದನಿ ತಗ್ಗಿತ್ತು.

"ಕಾಣತ್ತೆ. ಕಲ್ಲು ಕೂತಿದ್ದ ಜಾಗ ಅದು. ಸಂದಿ ಮೊದಲೇ ಇತ್ತು, ಕಲ್ಲು ಮುಚ್ಚಿತ್ತು ಅಷ್ಟೆ. ನಾಲ್ಕು ದಿನ ಜುಮ್ ಅನ್ನತ್ತೆ, ಆಮೇಲೆ ಒಸಡು ಬಿಗಿಯಾಗತ್ತೆ."

ಮಾವ ತಮ್ಮ ಅಂಗೈಯನ್ನು ನೋಡಿಕೊಂಡರು. ಡ್ರಮ್ ಕೋಲು ಹಿಡಿದು ಹಿಡಿದು ಅಲ್ಲಿ ಚರ್ಮ ಜಡ್ಡುಗಟ್ಟಿತ್ತು.

"ಹಂಗಾದ್ರೆ ನಂದು ವಂಶದ್ದಲ್ಲ."

"ಕೆಲವರ ಒಸಡು ವಂಶದಿಂದಾನೂ ಸ್ವಲ್ಪ ಬೇಗ ಸೋಲತ್ತೆ ಮಾವ. ಅಂಥೋರು ಇನ್ನೂ ಹೆಚ್ಚು ನೋಡ್ಕೋಬೇಕು."

"ನಾನು ನೋಡ್ಕೊಳ್ಳಲಿಲ್ಲ. ಇವನಿಗೂ ಅದನ್ನೇ ಕಲಿಸಿದೆ."

"ನಿಮಗೆ ಹೇಳೋರು ಯಾರೂ ಇರ್ಲಿಲ್ಲ ಮಾವ."

ಮಾವ ಎದ್ದರು. ಬಾಗಿಲಲ್ಲಿ ನಿಂತು ಅಳಿಯನಿಗೆ ಹೇಳಿದರು. "ಡ್ರಮ್ ವಿಷಯ ಮರೆತುಬಿಡು. ನಾಳೆ ಆಸ್ಪತ್ರೆಗೆ ಹೋಗು. ಹೋಗದಿದ್ರೆ ಅಭ್ಯಾಸಕ್ಕೆ ಬರಬೇಡ."

ಅವನು ಹೋದ. ಡಾಕ್ಟರು ಎಕ್ಸ್‌ರೇ ತೆಗೆಸಿದರು, ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಕರಗಿದ ಮೂಳೆ ಮೊದಲಿನಂತೆ ಆಗುವುದಿಲ್ಲ, ಉಳಿದಿರುವುದನ್ನು ಕಾಪಾಡಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಒಸಡಿನ ಕೆಳಗಿನವರೆಗೂ ಗಾರೆ ತೆಗೆದರು. ಅಲುಗಾಡುತ್ತಿದ್ದ ಹಲ್ಲನ್ನು ಹಿಂಬದಿಯಿಂದ ಪಕ್ಕದ ಹಲ್ಲುಗಳಿಗೆ ಸಣ್ಣ ತಂತಿಯಿಂದ ಸೇರಿಸಿದರು. ಕೆಲವು ದಿನ ಕ್ಲಾರಿನೆಟ್ ಮುಟ್ಟಬೇಡಿ ಎಂದರು. ಬ್ರಷ್ ಮಾತ್ರ ಒಂದು ಹೊತ್ತೂ ಬಿಡಬೇಡಿ ಎಂದರು.

ನಾದಿನಿ ಅವನ ಹಳೆಯ ಬ್ರಷ್ಷನ್ನು ಕಸದ ಬುಟ್ಟಿಗೆ ಹಾಕಿದಳು. ಅದು ಪಾತ್ರೆ ತಿಕ್ಕುವಷ್ಟು ಗಡುಸಾಗಿತ್ತು. ಮೆತ್ತನೆಯ ಎಳೆಗಳದ್ದನ್ನು ತಂದು, ಒಸಡಿಗೆ ಓರೆಯಾಗಿ ಹಿಡಿದು ಮೃದುವಾಗಿ ಆಡಿಸುವುದನ್ನು ತೋರಿಸಿದಳು. "ಒತ್ತಬೇಡಿ ಭಾವ. ಹಲ್ಲು ಉಜ್ಜೋದು ಕುಸ್ತಿಯಲ್ಲ." ಇದ್ದಿಲ ಪುಡಿ ಹಲ್ಲಿನ ಮೇಲ್ಪದರವನ್ನೇ ಸವೆಸುತ್ತದೆ ಎಂದು ಹೇಳಿ ಆ ಡಬ್ಬವನ್ನೂ ಬುಟ್ಟಿಗೆ ಹಾಕಿದಳು.

ಮೊದಲ ದಿನಗಳಲ್ಲಿ ರಕ್ತ ಬಂತು. ಅವನ ಕೈ ತಡೆಯಿತು. ಹೆಂಡತಿ ಹಿಂದೆಯೇ ನಿಂತಿದ್ದಳು. "ನಿಲ್ಲಿಸಬೇಡ್ರೀ" ಎಂದಳು. ಬರಬರುತ್ತಾ ಕಡಿಮೆಯಾಯಿತು. ಆಮೇಲೊಂದು ಬೆಳಿಗ್ಗೆ ಬರಲೇ ಇಲ್ಲ.

ಸೇತುವೆಯ ಉದ್ಘಾಟನೆಯ ದಿನ ಅವನು ಮುಂದಿನ ಸಾಲಿನಲ್ಲೇ ನಿಂತಿದ್ದ. ಊದಲು ಡಾಕ್ಟರು ಅನುಮತಿ ಕೊಟ್ಟಿದ್ದರು, ತುಂಬ ಹೊತ್ತು ಬೇಡ ಎಂಬ ಎಚ್ಚರಿಕೆಯೊಂದಿಗೆ. ಎಲ್ಲ ವಾದ್ಯಗಳು ನಿಂತವು. ಅವನು ಸ್ವರ ಹಿಡಿದ. ಹಲ್ಲಿನ ಮೇಲೆ ಒತ್ತಡ ಬಿದ್ದುದು ತಿಳಿಯಿತು, ಹಲ್ಲು ಸರಿಯಲಿಲ್ಲ. ಸ್ವರ ನೀರಿನ ಮೇಲೆ ಆಚೆ ದಡದವರೆಗೂ ಹೋಯಿತು. ಅದು ಮುಗಿದೊಡನೆ ಡ್ರಮ್ ಬೀಳಬೇಕಿತ್ತು. ಬೀಳಲಿಲ್ಲ. ಇಡೀ ಬ್ಯಾಂಡು ಹಿಂದಕ್ಕೆ ತಿರುಗಿ ನೋಡಿತು. ಮಾವ ಕೋಲನ್ನು ಎತ್ತಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು.

"ಮಾವ!" ಎಂದು ಟ್ರಂಪೆಟ್‌ನವನು ಪಿಸುಗುಟ್ಟಿದ ಮೇಲೆ ಡ್ರಮ್ ಬಿತ್ತು.

ಮರುದಿನ ಮಾವ ತಮ್ಮ ಕೆಳಗಿನ ಸಾಲಿನಲ್ಲಿ ಉಳಿದಿರುವ ಹಲ್ಲುಗಳನ್ನು ತೋರಿಸಲು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಟ್ರಂಪೆಟ್‌ನವನೂ ಜೊತೆಗಿದ್ದ. ಅವನಿಗೆ ಏನೂ ತೊಂದರೆಯಿಲ್ಲವಂತೆ, ಸುಮ್ಮನೆ ಬಂದದ್ದಂತೆ. ಒಳಗೆ ಹೋದವನು ಹೊರಗೆ ಬರುವುದು ಎಲ್ಲರಿಗಿಂತ ತಡವಾಯಿತು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನೀವು ಊದದೇ ಇರಬಹುದು. ಉಣ್ಣುತ್ತೀರಿ, ಮಾತಾಡುತ್ತೀರಿ, ನಗುತ್ತೀರಿ. ಆ ಕೆಲಸಗಳಿಗೂ ಹಲ್ಲು ಬೇಕು. ಒಸಡಿನಲ್ಲಿ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬೇಡಿ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಮೆತ್ತನೆಯ ಬ್ರಷ್ಷಿನಿಂದ, ಒಸಡಿನ ಅಂಚಿನವರೆಗೂ ಎರಡು ನಿಮಿಷ ನಿಧಾನವಾಗಿ ಉಜ್ಜಿ. ಮಕ್ಕಳದ್ದನ್ನೂ ಉಜ್ಜಿಸಿ, ದಣಿದು ಬಂದ ದಿನ ಅದು ಎಷ್ಟು ಕಷ್ಟವೆಂದು ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತು, ಆದರೂ ಉಜ್ಜಿಸಿ. ಕೆಲವು ದಿನ ಹೀಗೆ ಮಾಡಿದರೂ ರಕ್ತ ನಿಲ್ಲದಿದ್ದರೆ, ಒಂದು ಹಲ್ಲು ಸ್ವಲ್ಪವೇ ಅಲುಗಿದರೂ, ನೋವಿಲ್ಲವಲ್ಲ ಎಂದು ಕಾಯದೆ ಹತ್ತಿರದ ಹಲ್ಲಿನ ಡಾಕ್ಟರಿಗೆ ತೋರಿಸಿ. ಹೋಗಲು ಹೆದರುವವರು ಮನೆಯಲ್ಲಿದ್ದರೆ ಒಬ್ಬರನ್ನೇ ಕಳಿಸಬೇಡಿ, ಪಕ್ಕದಲ್ಲಿ ನೀವೂ ಹೋಗಿ ಕೂತುಕೊಳ್ಳಿ.